ರಿವಾಲ್ವರಿನ ಫ್ರೇಮು, ಅದರ ಹಿಡಿ ಮತ್ತು ನಮ್ಮ ಕೈ



ಕೊಯ್ಲು ಮುಗಿದು ಕಣದ ಕೆಲಸ ಹಗುರವಾಗುತ್ತಿದ್ದಂತೆ ಸಂಘದ ಕಚೇರಿಗೆ ಬರುವವರ ಕೈಯಲ್ಲಿ ಗೊಬ್ಬರದ ಚೀಟಿಯ ಜೊತೆಗೆ ಬೇರೆ ಕಾಗದಗಳೂ ಇರುತ್ತವೆ. ಪಹಣಿ, ಸಾಲದ ನವೀಕರಣ, ಕೆಲವರಲ್ಲಿ ಕೋವಿಯ ಪರವಾನಗಿ. ಈ ಮೂರನೆಯದನ್ನು ಹಿಡಿದು ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ತಂದೆಯವರ ಹೆಸರಿನಲ್ಲಿರುವ ರಿವಾಲ್ವರನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದೇ?”

ಕಾಗದದ ಮಟ್ಟಿಗೆ ಇದಕ್ಕೆ ದಾರಿಯಿದೆ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರು ತೀರಿಕೊಂಡಾಗ ವಾರಸುದಾರರು ಅರ್ಜಿ ಹಾಕಬಹುದು. ಅವರು ಬದುಕಿರುವಾಗಲೇ, 70 ವರ್ಷ ತುಂಬಿದ್ದರೆ ಅಥವಾ ಆ ಆಯುಧವನ್ನು 25 ವರ್ಷ ಇಟ್ಟುಕೊಂಡಿದ್ದರೆ, ಮಗನ ಅಥವಾ ಮಗಳ ಹೆಸರಿಗೆ ಕೊಡುವಂತೆ ಕೇಳಿಕೊಳ್ಳುವುದಕ್ಕೂ ಅವಕಾಶವುಂಟು. ಆದರೆ ಕಾಗದ ಕೈ ಬದಲಾಯಿಸಿದಷ್ಟು ಸುಲಭವಾಗಿ ಆಯುಧ ಕೈ ಬದಲಾಯಿಸುವುದಿಲ್ಲ. ತಂದೆಯ ಅಂಗೈಗೆ ಒಪ್ಪಿದ ಹಿಡಿ ಮಗಳ ಅಂಗೈಗೆ ದಪ್ಪವಾಗಬಹುದು, ಮಗನ ಬೆರಳಿಗೆ ಸಣ್ಣದಾಗಬಹುದು. ಹೊಂದದ ರಿವಾಲ್ವರ್ ಕಪಾಟಿನಲ್ಲಿದ್ದರೆ ಬರಿಯ ಭಾರ. ಕೈಗೆ ಬಂದರೆ ಮನೆಯವರಿಗೇ ಅಪಾಯ.

ಹಿಡಿ ಹೊಂದದಿದ್ದರೆ ಬದಲಾಯಿಸಿದರಾಯಿತು ಎಂದು ಹಲವರು ತಿಳಿದಿದ್ದಾರೆ. ಅರ್ಧ ನಿಜ. ಹಿಡಿ ಬದಲಾಗುತ್ತದೆ; ಅದನ್ನು ಹೊತ್ತಿರುವ ಫ್ರೇಮು ಬದಲಾಗುವುದಿಲ್ಲ. ಯಾವ ಹಿಡಿ ಕೂರುತ್ತದೆ, ಯಾವುದು ಕೂರುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಫ್ರೇಮೇ ಹೊರತು ತೋಟೆಯ ಅಳತೆಯೂ ಅಲ್ಲ, ಕಂಪೆನಿಯ ಹೆಸರೂ ಅಲ್ಲ. ಈ ಲೇಖನದ ತಿರುಳು ಇಷ್ಟೇ. ಉಳಿದದ್ದು ಅದರ ವಿವರ.

ಮೊದಲು ಒಂದು ಮಾತು

ರಿವಾಲ್ವರ್ ಬೆಳೆ ಕಾಯುವ ಆಯುಧವಲ್ಲ. ಹಂದಿ, ಮಂಗ, ಆನೆಗಳ ಕಾಟಕ್ಕೆ ಅದರಿಂದ ಏನೂ ಆಗದು. ಕೆರಳಿದ ಆನೆಯ ಮುಂದೆ .32 ರಿವಾಲ್ವರ್ ತೆಗೆದವನು ತನ್ನ ಪ್ರಾಣಕ್ಕೆ ತಾನೇ ಸಂಚಕಾರ ತಂದುಕೊಂಡಂತೆ. ವನ್ಯಜೀವಿ ಕಾಯಿದೆಯ ತೊಡಕು ಬೇರೆ. 1959ರ ಆಯುಧ ಕಾಯಿದೆಯೇ ಈ ಭೇದವನ್ನು ಮಾಡಿದೆ. ಬೆಳೆ ರಕ್ಷಣೆಗೆಂದು ಅದು ಹೇಳುವುದು ಮುಂದಿನಿಂದ ಮದ್ದು ತುಂಬುವ ಕೋವಿಯನ್ನು. ಸ್ವರಕ್ಷಣೆಗೆ ಅಥವಾ ಬೇಟೆಯ ಆಟಕ್ಕೆ ಹೇಳುವುದು ಕನಿಷ್ಠ 20 ಅಂಗುಲ ನಳಿಗೆಯ ನುಣುಪು ಕೊಳವೆಯ ಕೋವಿಯನ್ನು. ರಿವಾಲ್ವರ್ ಬೇಕೆಂದವರು ಅದಕ್ಕೆ ತಕ್ಕ ಕಾರಣವನ್ನು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಹಿಂದೆ ಮಾಲು ಮಾರಿದ ಹಣವನ್ನು ಚೀಲದಲ್ಲಿ ಕಟ್ಟಿಕೊಂಡು ರಾತ್ರಿ ಘಾಟಿ ಹತ್ತಬೇಕಾಗಿತ್ತು. ಈಗ ಅದರ ಹೆಚ್ಚಿನ ಪಾಲು ಬ್ಯಾಂಕ್ ಖಾತೆಗೇ ಬೀಳುತ್ತದೆ. ಆದ್ದರಿಂದ ಹೊಸದಾಗಿ ಕೊಳ್ಳಬೇಕೆನ್ನುವವರು ‘ಬೇಕೇ?’ ಎಂಬ ಪ್ರಶ್ನೆಯನ್ನು ‘ಯಾವುದು?’ ಎಂಬುದಕ್ಕಿಂತ ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಫ್ರೇಮ್ ಎಂದರೇನು?

ರಿವಾಲ್ವರಿನ ಬೆನ್ನೆಲುಬೇ ಫ್ರೇಮು. ಮುಂದೆ ನಳಿಗೆ, ನಡುವಿನ ಕಿಟಕಿಯಂಥ ಜಾಗದಲ್ಲಿ ತಿರುಗುವ ಸಿಲಿಂಡರ್, ಹಿಂದೆ ಹ್ಯಾಮರ್, ಕೆಳಗೆ ಟ್ರಿಗರ್, ಇವೆಲ್ಲ ಅದಕ್ಕೆ ಅಂಟಿಕೊಂಡಿವೆ. ಹಿಂಭಾಗದಲ್ಲಿ ಅದು ಬಾಲದಂತೆ ಕೆಳಗಿಳಿಯುತ್ತದೆ. ಆ ಕಬ್ಬಿಣದ ಬಾಲದ ಎರಡು ಮಗ್ಗುಲಿಗೆ ಮರದ ಅಥವಾ ರಬ್ಬರಿನ ಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿಯುತ್ತಾರೆ. ನಾವು ಹಿಡಿ ಎನ್ನುವುದು ಈ ಪಟ್ಟಿಗಳನ್ನು.

ಮರಗಸಿ ಮಾಡುವ ಕತ್ತಿಯನ್ನೇ ನೋಡಿ. ಅಲಗಿನ ಬಾಲ ಎಷ್ಟು ಅಗಲವಿದೆಯೋ ಅದಕ್ಕೆ ತಕ್ಕ ಹಿಡಿಯನ್ನೇ ಕೂರಿಸಬೇಕು. ಕತ್ತಿಯ ಹಿಡಿಯನ್ನು ಆಚಾರಿ ಕೆತ್ತಿ ಸರಿಮಾಡಬಲ್ಲ; ರಿವಾಲ್ವರಿನಲ್ಲಿ ಸ್ಕ್ರೂವಿನ ತೂತು, ಕೆಳಗಿನ ಮೊಳೆ, ಬಾಲದ ಬಾಗು, ಮೂರೂ ಒಟ್ಟಿಗೆ ಕೂಡಿ ಬರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿ ಅಲ್ಲಾಡುತ್ತದೆ.

ಅಮೆರಿಕದ ಅಕ್ಷರಮಾಲೆ

ಫ್ರೇಮುಗಳನ್ನು ಅಕ್ಷರದ ಹೆಸರಿನಿಂದ ಗುರುತಿಸುವ ಪದ್ಧತಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪೆನಿಯಿಂದಾಗಿ ಎಲ್ಲೆಡೆ ಬಳಕೆಗೆ ಬಂದಿದೆ. 1980ರ ದಶಕದ ಮಧ್ಯದಿಂದ ನಮ್ಮ ಸಾಮಾನ್ಯ ನಾಗರಿಕರು ವಿದೇಶದಿಂದ ಕೋವಿ ತರಿಸುವುದಕ್ಕೆ ಬಿಗಿಯಾದ ನಿರ್ಬಂಧವಿದೆ. ಆದರೂ ಅದಕ್ಕೆ ಮೊದಲು ಬಂದವು ಹಳೆಯ ತೋಟದ ಮನೆಗಳಲ್ಲಿ ಇರಬಹುದು. ಆದ್ದರಿಂದ ಈ ಅಕ್ಷರಗಳನ್ನು ತಿಳಿದಿರುವುದು ಉಪಯುಕ್ತ.

1. ಐ ಫ್ರೇಮ್: 1896ರಲ್ಲಿ .32 ಉದ್ದ ತೋಟೆಯ ಜೊತೆಗೆ ಬಂದ ಪುಟ್ಟ ಫ್ರೇಮು. 1960ರ ಸುಮಾರಿಗೆ ಇದನ್ನು ಕೈಬಿಟ್ಟರು. ಇದರ ಜಾಗಕ್ಕೆ ಜೆ ಬಂತು.

2. ಜೆ ಫ್ರೇಮ್: 1950ರಲ್ಲಿ ಬಂದದ್ದು. ಸಿಲಿಂಡರಿನ ವ್ಯಾಸ ಸುಮಾರು 33 ಮಿಲಿಮೀಟರ್. ಇದರಲ್ಲಿ .38 ತೋಟೆ ಐದು ಹಿಡಿಯುತ್ತವೆ, ತೆಳ್ಳಗಿನ.32 ಆದರೆ ಆರು. ಒಂದೇ ಫ್ರೇಮಿನಲ್ಲಿ ಎರಡು ಅಳತೆಯ ತೋಟೆ. ತೋಟೆಯ ಅಳತೆಯಿಂದ ಹಿಡಿಯನ್ನು ಆರಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

3. ಕೆ ಫ್ರೇಮ್: 1899ರಿಂದ ಇರುವ ಮಧ್ಯಮ ಗಾತ್ರ. ಸಿಲಿಂಡರ್ ಸುಮಾರು 37 ಮಿಲಿಮೀಟರ್; .38 ಆರು ತೋಟೆ. ಅಮೆರಿಕದ ಪೊಲೀಸರು ದಶಕಗಳ ಕಾಲ ಸೊಂಟಕ್ಕೆ ಕಟ್ಟಿದ್ದು ಹೆಚ್ಚಾಗಿ ಈ ಗಾತ್ರವನ್ನೇ.

4. ಎಲ್ ಫ್ರೇಮ್: 1980ರ ದಶಕದ ಆರಂಭದ್ದು. ಸುಮಾರು 40 ಮಿಲಿಮೀಟರ್.

5. ಎನ್ ಫ್ರೇಮ್: 1908ರಿಂದ ಬಂದ ದೊಡ್ಡ ಗಾತ್ರ. ಸುಮಾರು 43 ಮಿಲಿಮೀಟರ್. .44 ತೋಟೆಗೆಂದು ಹುಟ್ಟಿದ್ದು, 1935ರಲ್ಲಿ.357 ಮ್ಯಾಗ್ನಮ್ ಕೂಡ ಮೊದಲು ಬಂದದ್ದು ಇದರಲ್ಲೇ.

6. ಎಕ್ಸ್ ಫ್ರೇಮ್: 2003ರ ರಾಕ್ಷಸ ಗಾತ್ರ. ನಮ್ಮವರಿಗೆ ಇದರ ಗೊಡವೆಯಿಲ್ಲ, ಕುತೂಹಲಕ್ಕಾಗಿ ಹೇಳಿದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕೆ ಫ್ರೇಮಿನಲ್ಲಿ ಬಲವಾದ .357 ತೋಟೆಯನ್ನು ಬಹಳ ಹಾರಿಸಿದರೆ ಅದು ಬೇಗ ಸವೆಯುತ್ತಿತ್ತು. ಆಗ ಕಂಪೆನಿಯವರು ಮುಂಭಾಗವನ್ನು ದಪ್ಪ ಮಾಡಿ ಎಲ್ ಫ್ರೇಮನ್ನು ತಂದರು. ಕೈ ಹಿಡಿಯುವ ಹಿಂಭಾಗವನ್ನು ಮಾತ್ರ ಕೆ ಇದ್ದ ಅಳತೆಯಲ್ಲೇ ಉಳಿಸಿಕೊಂಡರು. ಆದ್ದರಿಂದ ಕೆ ಮತ್ತು ಎಲ್ ಫ್ರೇಮಿನ ಹಿಡಿಗಳು ಒಂದಕ್ಕೊಂದು ಆಗುತ್ತವೆ. ದೈತ್ಯನಾದ ಎಕ್ಸ್ ಫ್ರೇಮಿಗೂ ಅವರು ಇದೇ ಬಾಲವನ್ನು ಕೊಟ್ಟಿದ್ದಾರೆ. ಜೆ ಮತ್ತು ಎನ್ ಫ್ರೇಮುಗಳ ಹಿಡಿಗಳು ಮಾತ್ರ ತಮ್ಮ ತಮ್ಮವೇ. ಹೊರಗಿನ ಗಾತ್ರ ನೋಡಿ ಹಿಡಿಯನ್ನು ಅಳೆಯಲಾಗದು ಎಂಬುದು ಇದರಿಂದ ಸ್ಪಷ್ಟ.

ಗುಂಡು ಬುಡ, ಚೌಕ ಬುಡ

ಅಕ್ಷರ ಸರಿಯಾದರೂ ಇನ್ನೊಂದು ತೊಡಕಿದೆ. ಹಿಡಿಯ ಕೆಳತುದಿ ಕೆಲವದರಲ್ಲಿ ಗುಂಡಗೆ ಬಾಗಿರುತ್ತದೆ, ಕೆಲವದರಲ್ಲಿ ಚೌಕವಾಗಿ ಮೂಲೆ ಹೊರಟಿರುತ್ತದೆ. ವ್ಯಾಪಾರದವರು ಇದನ್ನು ರೌಂಡ್ ಬಟ್, ಸ್ಕ್ವೇರ್ ಬಟ್ ಎನ್ನುತ್ತಾರೆ. ಗುಂಡು ಬುಡಕ್ಕೆ ಮಾಡಿದ ಪಟ್ಟಿಯನ್ನು ಚೌಕ ಬುಡಕ್ಕೆ ಹಾಕಿದರೆ ಕಬ್ಬಿಣದ ಮೂಲೆ ಹೊರಗೆ ಚಾಚಿ ಅಂಗೈಗೆ ಚುಚ್ಚುತ್ತದೆ. ಚೌಕ ಬುಡದ ಆಕಾರ ಕೊಡುವ ಹಿಡಿಯನ್ನು ಗುಂಡು ಬುಡದ ಮೇಲೆ ತೊಡಿಸುವುದು ಸಾಧ್ಯ, ಏಕೆಂದರೆ ಅಲ್ಲಿ ಮರಕ್ಕೆ ಜಾಗವಿದೆ; ಆದರೆ ಅದನ್ನು ಹಾಗೆಂದೇ ಮಾಡಿರಬೇಕು. ಆದ್ದರಿಂದ ಹಿಡಿ ಕೊಳ್ಳುವಾಗ ಎರಡು ಮಾತು ಒಟ್ಟಿಗೆ ಹೇಳಬೇಕು: ಯಾವ ಫ್ರೇಮು, ಯಾವ ಬುಡ. ‘ಕೆ ಫ್ರೇಮು, ಚೌಕ ಬುಡ’ ಎಂದರೆ ಅಂಗಡಿಯವನಿಗೆ ಅರ್ಥವಾಗುತ್ತದೆ. ‘ಅಮೆರಿಕದ .38ಕ್ಕೆ ಹಿಡಿ ಕೊಡಿ’ ಎಂದರೆ ಯಾರಿಗೂ ಅರ್ಥವಾಗದು.

ಕೋಲ್ಟ್ ಕಂಪೆನಿಯ ಫ್ರೇಮುಗಳು ಬೇರೆ, ಅವಕ್ಕೆ ಸ್ಮಿತ್ ಅಂಡ್ ವೆಸನ್ ಹಿಡಿ ಆಗದು. ರೂಗರ್ ಕಂಪೆನಿಯವರು 1980ರ ದಶಕದ ಮಧ್ಯದಲ್ಲಿ ತಂದ ಜಿಪಿ 100 ಮಾದರಿಯಲ್ಲಿ ಬೇರೆಯೇ ಉಪಾಯ ಮಾಡಿದರು. ಅದರಲ್ಲಿ ಬಾಲದ ಬದಲು ಒಂದು ಗೂಟ ಮಾತ್ರ ಇದೆ. ಗುದ್ದಲಿಯ ಕಾವಿನಂತೆ ಹಿಡಿಯನ್ನು ಅದಕ್ಕೆ ತೊಡಿಸುವುದು. ದೊಡ್ಡದು ಸಣ್ಣದು ಯಾವ ಆಕಾರವನ್ನಾದರೂ ತೊಡಿಸಬಹುದಾದ್ದರಿಂದ ಹಿಡಿಯ ದೃಷ್ಟಿಯಿಂದ ಇದು ಜಾಣತನದ ಏರ್ಪಾಟು.

ನಮ್ಮ ದೇಶದ .32

ಸೇನೆಯ ತೋಟೆಗಳಾದ .380 ಮತ್ತು .455 ಹಾರಿಸಬಲ್ಲ ರಿವಾಲ್ವರುಗಳನ್ನು ನಮ್ಮ ನಿಯಮಗಳು ಪ್ರತ್ಯೇಕ ವರ್ಗದಲ್ಲಿ ಇಟ್ಟಿವೆ. ಸಾಮಾನ್ಯ ಪರವಾನಗಿಯಲ್ಲಿ ಅವು ದೊರೆಯುವುದಿಲ್ಲ. ನಾಗರಿಕರ ಪಾಲಿಗೆ ಉಳಿದ ಮುಖ್ಯ ಅಳತೆ .32. ಕಾನ್ಪುರದ ಆರ್ಡ್ನೆನ್ಸ್ ಕಾರ್ಖಾನೆಯಲ್ಲಿ ತಯಾರಾದ .32 ರಿವಾಲ್ವರ್ ಇಂಗ್ಲೆಂಡಿನ ವೆಬ್ಲಿ ಮಾರ್ಕ್ 4ರ ವಂಶದ್ದು. ಸಿಲಿಂಡರ್ ಮಗ್ಗುಲಿಗೆ ಹೊರಳುವುದಿಲ್ಲ. ಫ್ರೇಮೇ ನಡುವಿನ ಕೀಲಿನಲ್ಲಿ ಮಡಚಿ ನಳಿಗೆ ಕೆಳಗೆ ಬಾಗುತ್ತದೆ, ಖಾಲಿ ತೋಟೆಗಳು ಮೇಲಕ್ಕೆ ಚಿಮ್ಮುತ್ತವೆ. ಆರು ತೋಟೆ, ತೂಕ ಸುಮಾರು 700 ಗ್ರಾಂ. ಈ ಕಾರ್ಖಾನೆಗಳು 2021ರ ಅಕ್ಟೋಬರ್‌ನಿಂದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಎಂಬ ಸರಕಾರಿ ಕಂಪೆನಿಗೆ ಸೇರಿವೆ.

ವಂಶ ಬೇರೆಯಾದ ಮೇಲೆ ಹಿಡಿಯೂ ಬೇರೆ. ಅಮೆರಿಕದಲ್ಲಿರುವ ಮಗ ರಜೆಗೆ ಬರುವಾಗ ಚೆಂದದ ರಬ್ಬರ್ ಹಿಡಿಯೊಂದನ್ನು ತರುತ್ತೇನೆ ಎಂದರೆ ಬೇಡವೆನ್ನಿ. ಪೊಟ್ಟಣದ ಮೇಲೆ ‘ಜೆ ಫ್ರೇಮ್, ರೌಂಡ್ ಬಟ್’ ಎಂದಿರುತ್ತದೆ. ಗಾತ್ರವೂ ಹೆಚ್ಚುಕಡಿಮೆ ಒಂದೇ ಎಂದು ಕಾಣುತ್ತದೆ. ಆದರೆ ಕಾನ್ಪುರದ ಫ್ರೇಮಿಗೆ ಅದು ಕೂರುವುದಿಲ್ಲ. ಮೇಲಾಗಿ ನಮ್ಮ ಕಾಯಿದೆ ‘ಆಯುಧ’ ಎಂಬ ಮಾತಿನೊಳಗೆ ಆಯುಧದ ಭಾಗಗಳನ್ನೂ ಸೇರಿಸಿದೆ. ಪರವಾನಗಿ ಅಧಿಕಾರಿಯನ್ನು ಕೇಳದೆ ವಿಮಾನದಲ್ಲಿ ಯಾವ ಬಿಡಿಭಾಗವನ್ನೂ ತರಿಸಬೇಡಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುವುದು ಒಳ್ಳೆಯದು. ರಿವಾಲ್ವರಿನ .32 ತೋಟೆಯೂ ಪಿಸ್ತೂಲಿನ .32 ತೋಟೆಯೂ ಒಂದಲ್ಲ. ಕಾರ್ಖಾನೆಯ ಲೆಕ್ಕದಲ್ಲಿ ಮೊದಲನೆಯದು 7.65 × 23 ಮಿಲಿಮೀಟರ್, ಎರಡನೆಯದು 7.65 × 17. ತಂದೆಯ ಪೆಟ್ಟಿಗೆಯಲ್ಲಿ ಹಳೆಯ ತೋಟೆಗಳು ಸಿಕ್ಕರೆ ಹೆಸರು ನೋಡಿ ತುಂಬಲು ಹೋಗದಿರಿ, ಅಂಗಡಿಯವರಿಗೆ ತೋರಿಸಿ.

ಹಗುರವೆಂದರೆ ಸುಲಭವಲ್ಲ

2014ರಲ್ಲಿ ಕಾನ್ಪುರದಿಂದಲೇ ‘ನಿರ್ಭೀಕ್’ ಎಂಬ .32 ರಿವಾಲ್ವರ್ ಬಂತು. ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು 500 ಗ್ರಾಂ. ಮಹಿಳೆಯರಿಗೆ ಅನುಕೂಲವೆಂದು ಬಹಳ ಪ್ರಚಾರವಾಯಿತು. ಕೈಚೀಲದಲ್ಲಿ ಇಟ್ಟುಕೊಳ್ಳಲು ಅನುಕೂಲವೆಂಬುದು ನಿಜ. ಹಾರಿಸಲೂ ಅನುಕೂಲವೇ ಎಂಬುದು ಬೇರೆ ಪ್ರಶ್ನೆ.

ಗುಂಡು ಮುಂದಕ್ಕೆ ಹೋದಾಗ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ. ತೋಟೆ ಒಂದೇ ಆದಾಗ, ಆಯುಧ ಹಗುರವಾದಷ್ಟೂ ಒದೆತ ಹೆಚ್ಚು. 700 ಗ್ರಾಮಿನ ರಿವಾಲ್ವರಿಗಿಂತ 500 ಗ್ರಾಮಿನದರ ಒದೆತದ ಶಕ್ತಿ ಲೆಕ್ಕದ ಪ್ರಕಾರ ಸುಮಾರು 40 ಭಾಗ ಜಾಸ್ತಿ. .32 ಸ್ವಭಾವತಃ ಸೌಮ್ಯವಾದ ತೋಟೆಯಾದ್ದರಿಂದ ಕೈ ಮುರಿಯುವಷ್ಟೇನಲ್ಲ. ಆದರೂ ಕೀಲು ನೋವಿರುವ ಕೈಗೆ, ಅಭ್ಯಾಸವಿಲ್ಲದ ಕೈಗೆ ಆ ವ್ಯತ್ಯಾಸ ತಿಳಿಯುತ್ತದೆ. ಒದೆತವನ್ನು ಅಂಗೈಗೆ ಹಂಚುವ ಕೆಲಸ ಹಿಡಿಯದು. ಅಗಲವಾದ ಹಿಡಿ ಹಂಚುತ್ತದೆ. ತೆಳ್ಳನೆಯದು ಒಂದೇ ಕಡೆ ಗುದ್ದುತ್ತದೆ. ಹಾಗೆಂದು ಹಿಡಿ ದಪ್ಪವಾದಷ್ಟೂ ಒಳ್ಳೆಯದೆನ್ನುವಂತಿಲ್ಲ, ಏಕೆಂದರೆ ದಪ್ಪವಾದಷ್ಟೂ ಬೆರಳು ಟ್ರಿಗರಿನಿಂದ ದೂರವಾಗುತ್ತದೆ. ಹಗುರ ಫ್ರೇಮಿಗೆ ದಪ್ಪ ಹಿಡಿ ಬೇಕು, ಸಣ್ಣ ಕೈಗೆ ತೆಳ್ಳನೆಯ ಹಿಡಿ ಬೇಕು. ಈ ಎರಡರ ನಡುವೆ ಸಿಕ್ಕಿಕೊಳ್ಳುವವರು ಹೆಣ್ಣುಮಕ್ಕಳು. ಅಂಥವರಿಗೆ ಸ್ವಲ್ಪ ತೂಕದ ಫ್ರೇಮು, ತೆಳ್ಳನೆಯ ಹಿಡಿ, ಇದೇ ಹೆಚ್ಚು ಸಮಾಧಾನಕರ.

ಕೈಯನ್ನು ಅಳೆಯುವ ಬಗೆ

ಪರವಾನಗಿ ಪಡೆದ ಅಂಗಡಿಯಲ್ಲಿ, ಸಿಲಿಂಡರ್ ತೆರೆದು, ಖಾಲಿಯಿದೆಯೆಂದು ನೀವೂ ಅಂಗಡಿಯವನೂ ಬೇರೆಬೇರೆಯಾಗಿ ನೋಡಿಕೊಂಡ ಮೇಲೆ, ನಳಿಗೆಯನ್ನು ಜನರಿಲ್ಲದ ಕಡೆಗೆ ಇಟ್ಟುಕೊಂಡು ಹೀಗೆ ಪರೀಕ್ಷಿಸಿರಿ.

ಒಂದು: ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದನ್ನು ಹಿಡಿಯ ಹಿಂಬದಿಗೆ ಆದಷ್ಟು ಮೇಲೆ ಒತ್ತಿ ಹಿಡಿಯಿರಿ. ನಳಿಗೆ ಮುಂಗೈಯ ಎಲುಬಿನ ನೇರಕ್ಕೆ ಬರಬೇಕು. ಟ್ರಿಗರ್ ಎಟುಕಲೆಂದು ಕೈಯನ್ನು ಪಕ್ಕಕ್ಕೆ ತಿರುಗಿಸಬೇಕಾಗಿ ಬಂದರೆ ಆ ಹಿಡಿ ನಿಮಗೆ ದೊಡ್ಡದು.

ಎರಡು: ತೋರುಬೆರಳಿನ ಮೊದಲ ಗಿಣ್ಣಿನ ಸುತ್ತಲ ಭಾಗ ಟ್ರಿಗರಿನ ಮೇಲೆ ಕೂರಬೇಕು. ತುದಿ ಮಾತ್ರ ಮುಟ್ಟಿದರೆ ಎಳೆಯುವ ಬಲ ಸಾಲದು. ಹ್ಯಾಮರನ್ನು ಮೊದಲೇ ಹಿಂದಕ್ಕೆಳೆದಿದ್ದರೆ ಟ್ರಿಗರಿಗೆ ಎರಡು ಕಿಲೋದಷ್ಟು ಒತ್ತಡ ಸಾಕು. ಎಳೆಯದೆ ನೇರವಾಗಿ ಒತ್ತಿದರೆ ಐದಾರು ಕಿಲೋ ಬೇಕು. ವಯಸ್ಸಾದವರು ಇದನ್ನು ಮುಖ್ಯವಾಗಿ ನೋಡಿಕೊಳ್ಳಬೇಕು.

ಮೂರು: ನಡುಬೆರಳಿನ ಗಿಣ್ಣು ಟ್ರಿಗರಿನ ಬಳೆಗೆ ಒತ್ತಿಕೊಂಡಿದೆಯೇ ನೋಡಿ. ಒತ್ತಿಕೊಂಡಿದ್ದರೆ ಒದೆತದ ಪೆಟ್ಟು ಆ ಗಿಣ್ಣಿಗೇ. ಆ ಸಂದನ್ನು ತುಂಬುವ ಹಿಡಿಗಳೂ ಇವೆ.

ನಾಲ್ಕು: ಕಿರುಬೆರಳಿಗೆ ಜಾಗವಿದೆಯೇ? ಗಿಡ್ಡ ಹಿಡಿಯಲ್ಲಿ ಅದು ಕೆಳಗೆ ಜಾರುತ್ತದೆ. ಜಾರಿದರೂ ತೊಂದರೆಯಿಲ್ಲ, ಉಳಿದ ಬೆರಳುಗಳು ಗಟ್ಟಿಯಾಗಿ ಹಿಡಿಯುವಂತಿದ್ದರೆ.

ಐದು: ಸಿಲಿಂಡರ್ ಮಗ್ಗುಲಿಗೆ ಹೊರಳುವ ಜಾತಿಯಾದರೆ ಅದನ್ನು ತೆರೆದು, ಎಡಮಗ್ಗುಲಿನ ಪಟ್ಟಿ ಖಾಲಿ ತೋಟೆಗಳು ಬೀಳುವುದಕ್ಕೆ ಅಡ್ಡವಾಗುತ್ತದೆಯೇ ಎಂದು ನೋಡಿ. ವೆಬ್ಲಿ ವಂಶದ್ದಾದರೆ ಈ ತೊಂದರೆಯಿಲ್ಲ. ಆದರೆ ಹಳೆಯದಾದರೆ ಮಡಚುವ ಕೀಲೂ ಮೇಲಿನ ಕೊಂಡಿಯೂ ಸಡಿಲವಾಗಿವೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಕೀಲು ಸಡಿಲವಾದ ಫ್ರೇಮಿಗೆ ಯಾವ ಹಿಡಿಯೂ ಮದ್ದಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯಿದೆ. ಗುರಿ ತಪ್ಪಿದವನು ಹಿಡಿಯನ್ನು ದೂರಿದರೆ ಮಾತ್ರ ನಗಬೇಡಿ. ರಿವಾಲ್ವರಿನ ಮಟ್ಟಿಗೆ ಎಷ್ಟೋ ಸಲ ನೆಲವೇ ಡೊಂಕಾಗಿರುತ್ತದೆ.

ಅರ ಹಾಕಬೇಡಿ

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಹಿಡಿ ಕೂರದಿದ್ದಾಗ ಫ್ರೇಮಿನ ಬುಡಕ್ಕೆ ‘ಒಂದೆರಡು ಎಳೆ’ ಅರ ಹಾಕಿದರೆ ಸರಿಹೋಗುತ್ತದೆ ಎಂದು ಸಲಹೆ ಕೊಡುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಸ್ಮಿತ್ ಅಂಡ್ ವೆಸನ್‌ನ ಹಳೆಯ ರಿವಾಲ್ವರುಗಳಲ್ಲಿ ಕ್ರಮಸಂಖ್ಯೆಯನ್ನು ಸಾಮಾನ್ಯವಾಗಿ ಕೆತ್ತಿರುವುದು ಆ ಬುಡದ ಅಡಿಯಲ್ಲೇ. ಅರ ಹಾಕಿದರೆ ಅಳಿಸಿಹೋಗುವುದು ಆ ಸಂಖ್ಯೆ. ಕೋವಿಯ ಗುರುತಿನ ಸಂಖ್ಯೆಯನ್ನು ಅಳಿಸುವುದು, ತಿದ್ದುವುದು ಆಯುಧ ಕಾಯಿದೆಯ 8ನೆಯ ಕಲಮಿನ ಪ್ರಕಾರ ಅಪರಾಧ. ‘ಹಿಡಿ ಕೂರಿಸಲು ಮಾಡಿದೆ’ ಎಂಬ ಸಮಜಾಯಿಷಿ ಯಾರ ಕಿವಿಗೂ ಬೀಳದು. ಒಂದು ಹಿಡಿಯ ಆಸೆಗೆ ತಂದೆಯ ಕಾಲದಿಂದ ಬಂದ ಪರವಾನಗಿಯೂ ಹೋಗಿ, ಕೋರ್ಟಿನ ಮೆಟ್ಟಿಲೂ ಹತ್ತಬೇಕಾದೀತು. ತೆಗೆಯುವುದಿದ್ದರೆ ಮರದಲ್ಲಿ ತೆಗೆಯಿರಿ; ಕಬ್ಬಿಣವನ್ನು ಮುಟ್ಟಬೇಡಿ.

ಬುಡವನ್ನೂ ಮುಚ್ಚುವ ರಬ್ಬರ್ ಹಿಡಿ ಹಾಕಿದ್ದರೆ ಸಂಖ್ಯೆ ಕಣ್ಣಿಗೆ ಬೀಳುವುದಿಲ್ಲ. ನವೀಕರಣಕ್ಕೆ ಹೋಗುವಾಗ, ಚುನಾವಣೆಯ ಕಾಲದಲ್ಲಿ ಠೇವಣಿ ಇಡುವಾಗ, ಹಿಡಿ ಬಿಚ್ಚಿ ಸಂಖ್ಯೆ ತೋರಿಸಿ, ರಸೀತಿಯಲ್ಲಿ ಅದು ಸರಿಯಾಗಿ ಬರೆಯಲ್ಪಟ್ಟಿದೆಯೇ ಎಂದು ನೋಡಿಕೊಳ್ಳಿ. ಹಿಡಿ ಬದಲಾಯಿಸುವುದರಿಂದ ಪರವಾನಗಿಯಲ್ಲಿರುವ ಆಯುಧ ಬದಲಾಗುವುದಿಲ್ಲ. ಆದರೆ ಒಳಗಿನ ರಿಪೇರಿಯನ್ನು ಮಾಡಲು ಪರವಾನಗಿ ಪಡೆದವರೇ ಆಗಬೇಕು. ಊರ ಕಮ್ಮಾರನ ಕೈಗೆ ಕೊಡುವಂತಿಲ್ಲ.

ಮಳೆಗಾಲದ ಜಾಗ್ರತೆ

ನಮ್ಮ ಮಳೆಗೆ ಮರದ ಹಿಡಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಸ್ಕ್ರೂ ಸಡಿಲವಾಗುತ್ತದೆ. ಉಬ್ಬಿದಾಗ ಬಿಗಿಯಲು ಹೋದರೆ ಪಟ್ಟಿ ಸೀಳುತ್ತದೆ. ರಬ್ಬರ್ ಉಬ್ಬುವುದಿಲ್ಲ, ಆದರೆ ತನ್ನ ಅಡಿಯಲ್ಲಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಫಳಫಳ ಹೊಳೆಯುವ ರಿವಾಲ್ವರಿನ ಹಿಡಿ ಬಿಚ್ಚಿದರೆ ಒಳಗೆ ತುಕ್ಕಿನ ಪುಡಿ ಉದುರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಆಯುಧವನ್ನು ಖಾಲಿ ಮಾಡಿ, ಹಿಡಿ ಬಿಚ್ಚಿ, ಒರೆಸಿ, ತೆಳ್ಳಗೆ ಕೋವಿಯ ಎಣ್ಣೆ ಸವರಿ ಮತ್ತೆ ಕೂರಿಸಬೇಕು. ಸ್ಕ್ರೂವಿನ ತಲೆಗೆ ಸರಿಯಾಗಿ ಹೊಂದುವ ತಿರುಪುಳಿಯನ್ನೇ ಬಳಸಿ. ಚರ್ಮದ ಚೀಲದಲ್ಲಿ ಇಟ್ಟು ಮರೆಯಬೇಡಿ. ಚರ್ಮವೂ ತೇವ ಹೀರುತ್ತದೆ. ರಿವಾಲ್ವರ್ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ, ಬೀಗದ ಕೈ ಮಕ್ಕಳಿಗೆ ಎಟುಕದ ಕಡೆ.

ವಾರಸುದಾರರಿಗೆ

2019ರ ತಿದ್ದುಪಡಿಯ ನಂತರ ಒಬ್ಬರು ಎರಡು ಕೋವಿಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಹೊಸದಾಗಿ ಪಡೆಯುವವರಿಗೆ ತರಬೇತಿಯ ಪ್ರಮಾಣಪತ್ರವೂ ಬೇಕು. ಹೀಗಿರುವಾಗ ಎರಡರಲ್ಲಿ ಒಂದು ಜಾಗವನ್ನು ಕೈಗೆ ಹೊಂದದ ರಿವಾಲ್ವರಿಗೆ ಕೊಡುವ ಮೊದಲು ಯೋಚಿಸಿ. ಹಿರಿಯರು ಅರ್ಜಿಗೆ ಸಹಿ ಹಾಕುವ ಮುನ್ನ, ಪರವಾನಗಿ ಪಡೆದ ಅಂಗಡಿಯವರ ಎದುರಿನಲ್ಲಿ ಮಗನೋ ಮಗಳೋ ಆ ಖಾಲಿ ರಿವಾಲ್ವರನ್ನು ಮೇಲೆ ಹೇಳಿದಂತೆ ಹಿಡಿದು ನೋಡಲಿ. ಹೊಂದಿದರೆ ಸಂತೋಷ. ತೆಳ್ಳನೆಯ ಪಟ್ಟಿ ಹಾಕಿದರೆ ಸರಿಹೋಗುವಂತಿದ್ದರೆ ಅದೂ ಸರಿ. ಎರಡೂ ಆಗದಿದ್ದರೆ ಕಾನೂನಿನ ಪ್ರಕಾರ ಅಂಗಡಿಗೆ ಮಾರುವುದೋ ಠಾಣೆಗೆ ಒಪ್ಪಿಸುವುದೋ ಮೇಲು. ಹಿರಿಯರ ನೆನಪಿಗೆ ಅವರು ನೆಟ್ಟ ತೋಟವಿದೆ; ಕೈಗೆ ಕೂರದ ಆಯುಧವನ್ನು ಅದಕ್ಕಾಗಿ ಕಾಯಬೇಕಾಗಿಲ್ಲ.